ದೊರೆಮನೆಯ ನೇರಳೆ ವೈನು

"ನನ್ನ ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸಿ ರೈಟ್ರೇ," ಎಂದಳು ಜವರಮ್ಮ.

ದೊರೆಮನೆಯ ಜಗಲಿಯಲ್ಲಿ ಕೂತಿದ್ದ ಎಸ್ಟೇಟಿನ ಗುಮಾಸ್ತ, ರೈಟರ್ ಓಂಕಾರಮೂರ್ತಿ, ಬರೆಯುವುದನ್ನು ನಿಲ್ಲಿಸಿ ಹಾಳೆಯ ಮೇಲ್ತುದಿಗೆ ಬೆರಳಿಟ್ಟ. "ಇಲ್ಲಿ. ನೇರಳೆ ವೈನು, ಮಾಡುವವಳು ಜವರಮ್ಮ. ಆಯ್ತಾ? ಮುಂದೆ ಹೇಳು ಮಾರಾಯ್ತಿ."

ಕಾಡುನೇರಳೆಯಿಂದ ಅವಳು ತೆಗೆಯುತ್ತಿದ್ದ ಆ ಕಡುಗೆಂಪು ವೈನಿಗಾಗಿ ಮೂಡಿಗೆರೆ, ಕಳಸದ ಕಡೆಯ ಬಿಳಿ ದೊರೆಗಳೆಲ್ಲ ಕುದುರೆ ಹತ್ತಿ ಈ ಕಾಫಿ ಎಸ್ಟೇಟಿಗೆ ಬರುತ್ತಿದ್ದರು. ಈ ಸಲ ಇಲ್ಲಿನ ದೊರೆ ಅದನ್ನು ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಕಳಿಸುವವನಿದ್ದ. ಮಾಡುವ ಕ್ರಮವೂ ಅಲ್ಲಿ ಅಚ್ಚಾಗಬೇಕಂತೆ. ಇಪ್ಪತ್ತೆರಡು ವರ್ಷ ತನ್ನ ಕೈಯಲ್ಲೇ ಉಳಿದಿದ್ದ ಗುಟ್ಟನ್ನು ಬಿಟ್ಟುಕೊಡಲು ಜವರಮ್ಮ ಕೇಳಿದ್ದು ಒಂದೇ. ತನ್ನ ಹೆಸರು ಇರಬೇಕು.

ಅವಳು ಹೇಳುತ್ತಾ ಹೋದಳು. ತಾನಾಗಿ ಉದುರಿದ ಹಣ್ಣು ಬೇಡ, ಮರದಲ್ಲಿದ್ದುದೇ ಆಗಬೇಕು. ಬೀಜ ಒಡೆಯದ ಹಾಗೆ ಹಿಸುಕಬೇಕು. ಬೆಲ್ಲ ಇಷ್ಟು. ದಿನಕ್ಕೆ ಎರಡು ಸಲ ತಿರುವಬೇಕು. ರೈಟರ್ ತಲೆ ಎತ್ತದೆ ಗೀಚಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗೆ ಕಂಡಿತು ಅವಳಿಗೆ.

"ಇನ್ನೊಂದು ಸಲ ತೋರಿಸಿ."

"ಏನನ್ನು?"

"ನನ್ನ ಹೆಸರನ್ನು."

ಅವನು ಬೇಸರದಿಂದ ಹಾಳೆಯ ನಡುವೆ ಎಲ್ಲೋ ಬೆರಳೂರಿದ.

ಜವರಮ್ಮನ ಮೈಯೆಲ್ಲ ಉರಿದುಹೋಯಿತು. "ಆಗ ಮೇಲಿತ್ತು. ಈಗ ಕೆಳಗೆ ಇಳಿದು ಬಂತಾ? ಓದು ಬರದವಳಿಗೆ ಕಣ್ಣೂ ಇಲ್ಲ ಅಂದ್ಕೊಂಡ್ರಾ?"

ಗದ್ದಲ ಕೇಳಿ ದೊರೆ ಒಳಗಿನಿಂದ ಬಂದ. ರೈಟರ್ ದಡಬಡಿಸಿ ಎದ್ದು ನಿಂತ. "ಇವಳ ಹೆಸರು ಹಾಕಬೇಕಂತೆ ದೊರೆಗಳೇ."

ದೊರೆ ನಕ್ಕುಬಿಟ್ಟ. "ಇದು ನಮ್ಮ ತಾತನ ವೈನು. ನಮ್ಮ ಮನೆತನದ್ದು. ಅವರ ಹೆಸರೇ ಇರುತ್ತದೆ."

"ನಿಮ್ಮ ತಾತ ಮಾಡಿದ್ದನ್ನ ಮೂಸಿ ನೋಡಿ ಹಂದಿಗಳೂ ಹಿಂದೆ ಸರಿದಿದ್ವು," ಎಂದಳು ಜವರಮ್ಮ. "ಆ ಪೀಪಾಯಿ ತೊಳೆದವಳು ನಾನು. ಈ ವೈನು ನಿಮ್ಮದೇ ಆದ್ರೆ ಮಿಕ್ಕಿದ್ದನ್ನೂ ನೀವೇ ಬರ್ಕೊಳಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದಳು. ಹಿಂತಿರುಗಿ ನೋಡಲಿಲ್ಲ.

"ಏನು ಮಿಕ್ಕಿದೆ?" ಎಂದ ದೊರೆ.

ರೈಟರ್ ಹಾಳೆ ನೋಡಿದ. "ಪೀಪಾಯಿಗೆ ಬಿರಡೆ ಯಾವತ್ತು ಹಾಕಬೇಕು ಅನ್ನೋದು. ಮುಂಚೆ ಹಾಕಿದ್ರೆ ಪೀಪಾಯಿ ಸಿಡಿಯುತ್ತೆ. ತಡವಾದ್ರೆ ಎಲ್ಲ ಹುಳಿ. ಅವಳೊಬ್ಬಳಿಗೇ ಗೊತ್ತು."

ಹಿಂದಿನ ಕೊಟ್ಟಿಗೆಯಲ್ಲಿ ಎಂಟು ಪೀಪಾಯಿ ರಸ ಬುಳುಬುಳು ಎನ್ನುತ್ತಿತ್ತು. ದೊರೆ ಜಗಲಿಯ ತುದಿಗೆ ಓಡಿದ. ಜವರಮ್ಮ ಆಗಲೇ ಸಸಿಮಡಿ ದಾಟಿ ಗೇಟಿನ ಹತ್ತಿರ ಹೋಗಿದ್ದಳು. ಕೂಗಲು ಬಾಯಿ ತೆರೆದವನಿಗೆ ಯಾವ ಹೆಸರು ಹಿಡಿದು ಕೂಗಬೇಕೋ ತಿಳಿಯಲಿಲ್ಲ.

"ಏಯ್!" ಎಂದ ಕೊನೆಗೆ.

ಸಸಿಮಡಿಯಲ್ಲಿ ಕಳೆ ಕೀಳುತ್ತಿದ್ದ ನಲವತ್ತು ಹೆಂಗಸರು ತಲೆ ಎತ್ತಿ ನೋಡಿದರು. ಅವಳೊಬ್ಬಳು ನೋಡಲಿಲ್ಲ.