ಹಚ್ಚಿ ನೋಡಿದ ಕ್ರೀಮು

"ಕೈಗೆ ಹಚ್ಕೊಂಡ್ರೆ ಏನೂ ಗೊತ್ತಾಗಲ್ಲ ಅಕ್ಕಾ, ಮುಖ ಈ ಕಡೆ ತಿರುಗಿಸಿ" ಎಂದವಳೇ ಅಂಗಡಿಯ ಹುಡುಗಿ ಮುಂದಿದ್ದ ಎರಡು ಡಬ್ಬಿಗಳಲ್ಲಿ ಅಗ್ಗದ್ದರಿಂದ ಬೆರಳ ತುದಿಯಲ್ಲಿ ಚೂರು ಕ್ರೀಮು ತೆಗೆದು, ಕೊಳ್ಳಲು ಬಂದಿದ್ದ ನರ್ಸಮ್ಮನ ಎಡಗೆನ್ನೆಗೆ ಸವರಿದಳು.

ಬೇಡವೆನ್ನಲು ಹೊರಟ ನರ್ಸಮ್ಮ ಮುಖ ಹಿಂದಕ್ಕೆಳೆಯದೆ ಹಾಗೇ ನಿಂತಳು. ದಿನವಿಡೀ ಕೈಗವಸು ತೊಟ್ಟು ಯಾರ್ಯಾರದೋ ಮುಖ ಒರೆಸುವವಳು ಅವಳು. ಅವಳ ಮುಖವನ್ನು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ. ಬೆರಳುಗಳು ಕಣ್ಣಿನಡಿಯಿಂದ ಗಲ್ಲದವರೆಗೆ ಮೆಲ್ಲಗೆ ಇಳಿದವು. ಅವಳ ಕಣ್ಣು ತಾನಾಗಿ ಮುಚ್ಚಿತು.

"ಮೂವತ್ತು ದಾಟಿದ್ಮೇಲೆ ಮುಖ ಒಣಗೋದು ಇದ್ದಿದ್ದೇ. ನಿಮ್ಗೆ ಇದೇ ಸಾಕು ಅಕ್ಕಾ, ದುಬಾರಿದಕ್ಕೆ ಸುಮ್ನೆ ದುಡ್ಡು ದಂಡ. ಪ್ಯಾಕ್ ಮಾಡ್ಲಾ?"

ನರ್ಸಮ್ಮನಿಗೂ ಅದೇ ಸರಿಯೆನಿಸಿತ್ತು. ಆದರೂ ಕಣ್ಣು ತೆರೆಯದೆ ಬಲಗೆನ್ನೆ ಒಡ್ಡಿದಳು. "ಯಾಕೋ ಸರಿಯಾಗಿ ಗೊತ್ತಾಗ್ಲಿಲ್ಲ ಕಣಮ್ಮ. ಆ ದುಬಾರಿದೂ ಈ ಕಡೆ ಹಚ್ಚಿ ನೋಡು. ನಿಧಾನಕ್ಕೆ ಹಚ್ಚು."