ಒಬ್ಬನ ಭಾರ

ದರೋಡೆ ಮುಗಿಸಿ, ರನ್‌ವೇಯಲ್ಲಿ ಅಡ್ಡಬಂದ ವಿಮಾನದ ಮೆಕ್ಯಾನಿಕನನ್ನು ಕೊಚ್ಚಿಹಾಕಿ, ದುಂಡ್ಯಾ ತನ್ನ ತಮ್ಮನೊಂದಿಗೆ ಆ ಪುಟ್ಟ ವಿಮಾನ ಹತ್ತಿದ. ಪಿಸ್ತೂಲನ್ನು ಪೈಲಟ್‌ನ ಕುತ್ತಿಗೆಗೆ ಒತ್ತಿದ.

“ಹಾರಸಲೇ ಮಗನ!”

“ಮೇಲೇಳಲ್ಲ. ಈ ಬಿಸಿಲಿಗೆ ಗಾಳಿ ತೆಳ್ಳಗಾಗಿದೆ, ರನ್‌ವೇ ಗಿಡ್ಡ. ಮೂವರು ಕೂತರೆ ಎದುರಿನ ಗುಡ್ಡಕ್ಕೆ ಬಡಿಯುತ್ತೆ. ಒಬ್ಬರು ಇಳೀಬೇಕು.”

“ನನ್ನ ಇಲ್ಲೇ ಬಿಟ್ಟು ಹೋಗಬ್ಯಾಡೋ ಅಣ್ಣಾ,” ತಮ್ಮ ಕೈಮುಗಿದ.

“ಬಿಟ್ಟರ ಪೊಲೀಸ್ರ ಮುಂದ ಬಾಯಿ ಬಿಡ್ತಿ.” ದುಂಡ್ಯಾ ಅವನ ಎದೆಗೆ ಗುಂಡು ಹಾರಿಸಿ, ಹೆಣವನ್ನು ಹೊರಗೆ ಒದ್ದ.

ಅರ್ಧ ರನ್‌ವೇ ಇನ್ನೂ ಉಳಿದಿರುವಾಗಲೇ ವಿಮಾನ ಸಲೀಸಾಗಿ ಮೇಲೆದ್ದಿತು. ಗುಡ್ಡ ಎಷ್ಟೋ ಕೆಳಗೆ ಉಳಿಯಿತು.

“ಇಷ್ಟ್ ಹಗೂರ ಹೆಂಗ ಎದ್ತಲೇ?”

ಪೈಲಟ್ ತಿರುಗಿ ನೋಡಲಿಲ್ಲ. “ನೀನು ಕೊಂದ ಮೆಕ್ಯಾನಿಕ್ ನನ್ನ ತಮ್ಮ. ನಿನ್ನೆ ಇದೇ ಬಿಸಿಲಲ್ಲಿ ಅವನೂ ಸೇರಿ ಐದು ಜನ ಇಲ್ಲಿಂದಲೇ ಹಾರಿದ್ವಿ.”