ಮಾಲಕರ ಹೆಸರೇನು?

“ಇದನ್ನ ಬರದವ್ರು ಒಳಗಿನವ್ರ ಅದಾರ,” ಎಂದು ರಾಚಪ್ಪ ಕಂಪ್ಯೂಟರಿನ ಪರದೆಗೆ ಬೆರಳು ಕುಟ್ಟಿದ. “ಹೊರಗಿನವ್ರಿಗೆ ಇಷ್ಟೆಲ್ಲ ಹೆಂಗ ಗೊತ್ತಾಗತೈತಿ?”

ಇಳಕಲ್ಲಿನ ಅವನ ಸೀರೆ ಅಂಗಡಿಗೆ ವೆಬ್‌ಸೈಟ್ ಆಗಿ ವರ್ಷ ತುಂಬಿರಲಿಲ್ಲ. ೨೦೦೬ರಲ್ಲಿ ಅದೊಂದು ದೊಡ್ಡ ಡೌಲು. ಗಿರಾಕಿಗಳು ನಾಲ್ಕು ಒಳ್ಳೆಯ ಮಾತು ಬರೆಯಲೆಂದು ಅದರಲ್ಲೊಂದು ಚರ್ಚಾಕಟ್ಟೆ ಇಡಿಸಿದ್ದ. ಅಲ್ಲಿ ಬಂದು ಕೂತದ್ದು ಬೇರೆಯೇ ಮಾತು: ‘ಈ ಅಂಗಡಿಯಲ್ಲಿ ಕೈಮಗ್ಗದ್ದೆಂದು ಮಾರುವ ಸೀರೆ ಪವರ್‌ಲೂಮಿನದು. ಹಿಂದಿನ ಕೋಣೆಯಲ್ಲಿ ಚೀಟಿ ಬದಲಾಗುತ್ತದೆ.’ ಕೆಳಗೆ ಹೆಸರಿಲ್ಲ.

ಮಾತು ಖರೆಯಾಗಿತ್ತು. ಅದಕ್ಕೇ ರಾಚಪ್ಪನಿಗೆ ಉರಿ ಹೆಚ್ಚು.

ಅನುಮಾನ ಸುತ್ತಿ ಬಳಸಿ ಭಾಗ್ಯಜ್ಯೋತಿಯ ಮೇಲೆ ಬಂದು ನಿಂತಿತು. ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವಳು ಅವಳು. ಅಪ್ಪ ಹಾಸಿಗೆ ಹಿಡಿದಿದ್ದ. ಅವಳ ಪಗಾರದಿಂದಲೇ ಮನೆಯ ಒಲೆ ಉರಿಯಬೇಕು. ಈ ಕೆಲಸ ಹೋದರೆ ಊರಲ್ಲಿ ಇನ್ನೊಂದು ಸಿಗುವ ಮಾತಿಲ್ಲ.

“ನಂಬಿಗಸ್ತ ಸಾಫ್ಟ್‌ವೇರ್ ಹುಡುಕು. ಕಳ್ಳರು ಒಳಗ ಬರಬಾರದು,” ಎಂದ ರಾಚಪ್ಪ.

ಪುಕ್ಕಟೆ ಸಿಕ್ಕಿದ್ದ ಹಳೆಯದನ್ನು ಅವಳು ಕಿತ್ತುಹಾಕಿದಳು. ಹೆಸರು, ಇಮೇಲ್ ಕೊಟ್ಟವರಿಗಷ್ಟೇ ಬರೆಯಲು ಬಿಡುವ ಇನ್ನೊಂದನ್ನು ತಂದಳು. ವಾರದೊಳಗೆ ‘ಗುಳೇದಗುಡ್ಡದ ಲಗಮವ್ವ’ ಹುಟ್ಟಿಕೊಂಡಳು. ಆಡಿದ್ದು ಅದೇ ಮಾತು. ಗುಳೇದಗುಡ್ಡದಲ್ಲಿ ಲಗಮವ್ವಗಳಿಗೇನೂ ಬರವಿಲ್ಲ. ಆದರೆ ವಿಚಾರಿಸಿದಾಗ ಇಮೇಲ್ ಇದ್ದವಳು ಒಬ್ಬಳೂ ಸಿಗಲಿಲ್ಲ.

ಮೂರನೆಯದು ಜಾಣ ಸಾಫ್ಟ್‌ವೇರು. ಪ್ರತಿಸಲವೂ ನಾವಿಟ್ಟ ಪ್ರಶ್ನೆಗೆ ಸರಿಯುತ್ತರ ಬರೆದರೆ ಮಾತ್ರ ಮಾತು ಒಳಗೆ ಹೋಗುತ್ತದೆ. ರಾಚಪ್ಪ ಎದೆಯುಬ್ಬಿಸಿ ಪ್ರಶ್ನೆ ಹೇಳಿದ: “ಮಾಲಕರ ಹೆಸರೇನು?”

“ಅದು ಇಡೀ ಊರಿಗೆ ಗೊತ್ತೈತಲ್ರಿ.”

“ಇರಲಿ. ನನ್ನ ಹೆಸರು ಬರದು ನನಗ ಬೈಯೂ ಧೈರ್ಯ ಯಾರಿಗೈತಿ ನೋಡೂಣು.”

ಬುತ್ತಿ ತಂದಿದ್ದ ಅವನ ಹೆಂಡತಿ ಸಾವಿತ್ರೆವ್ವ ಕೇಳುತ್ತ ನಿಂತಿದ್ದಳು. ಮಧ್ಯಾಹ್ನ ಹುಡುಗಿ ಉಂಡು ಬರುವತನಕ ಸೀರೆಗಳ ಬಣ್ಣ, ಬೆಲೆ ಟೈಪು ಮಾಡುವವಳು ಅವಳೇ. ತವರಿನಲ್ಲಿ ಮಗ್ಗಕ್ಕೆ ಕೂತು ಪಳಗಿದ ಕೈ ಕೀಲಿಮಣೆಗೂ ಬೇಗ ಒಗ್ಗಿತ್ತು.

“ಇನ್ನರ ನಿಮ್ಮ ಮಾಲಕರಿಗೆ ನಿದ್ದಿ ಹತ್ತತೈತೇನವಾ?” ಎಂದು ಅವಳು ಭಾಗ್ಯಜ್ಯೋತಿಯನ್ನು ಕೇಳಿದಳು.

ಹತ್ತಿತು. ಬೈಗುಳ ಥಟ್ಟನೆ ನಿಂತಿತ್ತು. ಬಾದಾಮಿಯವರು, ಹುನಗುಂದದವರು ಸಲೀಸಾಗಿ ರಾಚಪ್ಪನ ಹೆಸರು ಬರೆದು ಸೀರೆಯ ಬೆಲೆ ಕೇಳುತ್ತಿದ್ದರು. ಅವನು ಕೆಲದಿನ ಮೀಸೆ ತಿರುವಿದ. ಆಮೇಲೆ ಹೊಸ ಹುಳ ಹೊಕ್ಕಿತು. ಓಣಿಯ ಹುಡುಗರಿಗೂ ಗೊತ್ತಿರುವ ಹೆಸರು ವೈರಿಯನ್ನು ತಡೆದದ್ದು ಹೇಗೆ? ಪ್ರಶ್ನೆ ಇಡುವಾಗ ಪಕ್ಕದಲ್ಲೇ ಕೂತವಳು ಬೆದರಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

“ನಾಳಿಂದ ಬರಬ್ಯಾಡ,” ಎಂದ.

“ದೇವರಾಣಿ ನಾ ಬರದಿಲ್ರಿ. ಅಪ್ಪನ ಔಷಧಕ್ಕ ಎಲ್ಲಿಗೆ ಹೋಗಲಿ?” ಭಾಗ್ಯಜ್ಯೋತಿ ಅತ್ತಳು. ರಾಚಪ್ಪ ತಿರುಗಿಯೂ ನೋಡದೆ ಊಟಕ್ಕೆ ಕೂತ. ಸಾವಿತ್ರೆವ್ವ ಬಡಿಸಿದಳು. ಉಂಡವನು ಹಿಂದಿನ ಕೋಣೆಯಲ್ಲೇ ಒಂದು ನಿದ್ದೆ ತೆಗೆದ.

ಎದ್ದು ಬಂದಾಗ ಸಾವಿತ್ರೆವ್ವ ಮನೆಗೆ ಹೋಗಿಯಾಗಿತ್ತು. ಚೀಲಕ್ಕೆಂದು ಮರಳಿ ಬಂದಿದ್ದ ಭಾಗ್ಯಜ್ಯೋತಿ ಅದನ್ನು ಹೆಗಲಿಗೇರಿಸಿ ಪರದೆಯನ್ನೇ ನೋಡುತ್ತಿದ್ದಳು. ಕಳಿಸಲಾಗದ ಮಾತೊಂದು ಅಲ್ಲಿ ಉಳಿದಿತ್ತು: ‘ಹುಡುಗಿಯ ತಪ್ಪೇನೂ ಇಲ್ಲ. ಬರೆದವಳು ನಾನು. ಅವಳ ಅನ್ನ ಕಸಿಯಬೇಡಿರಿ.’ ಮೇಲೆ ಕೆಂಪಕ್ಷರ: ‘ಉತ್ತರ ತಪ್ಪಾಗಿದೆ.’

“ನೀನ ಕಳ್ಳಿ, ನೀನ ಸಾಕ್ಷಿ!” ರಾಚಪ್ಪ ನಕ್ಕ. “ಗಾಬರ್ಯಾಗಿ ನನ್ನ ಹೆಸರೂ ತಪ್ಪ ಬರದಿಯಲ್ಲ!”

“ಉತ್ತರ ಓದ್ರಿ ಮಾಲಕರ,” ಎಂದಳು ಅವಳು, ಮೆಲ್ಲಗೆ.

ರಾಚಪ್ಪ ಚಸ್ಮಾ ಏರಿಸಿ ಬಗ್ಗಿದ. ಹೆಸರು ಬರೆಯಬೇಕಾದ ಜಾಗದಲ್ಲಿ, ಮದುವೆಮನೆಯಲ್ಲಿ ಗಂಡನ ಹೆಸರು ಹೇಳೆಂದಾಗ ಹೆಂಗಸರು ಕಟ್ಟುವಂಥ ಒಡಪೊಂದಿತ್ತು:

‘ಇಳಕಲ್ ಸೀರಿಗೆ ಕೆಂಪನ್ನ ಸೆರಗ, ರಾಚಪ್ಪನವರು ನನ್ನ ಬಾಳಿನ ಮೆರಗ.’